ಪಾಲ್ಪಾದಿಂದ ಸುರಪುರಕ್ಕೆ, ನಿಂತು ನಿಂತು

ಸಗರದ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಇಪ್ಪತ್ತಾರು ವರ್ಷ ಮೇಲ್ವಿಚಾರಕಿಯಾಗಿದ್ದವಳು ನಾನು. ನಮ್ಮಲ್ಲಿ ಎಲ್ಲಕ್ಕಿಂತ ಬೇಗ ಹರಿಯುತ್ತಿದ್ದ ಪುಸ್ತಕಗಳೆಂದರೆ ಪ್ರವಾಸ ಕಥನಗಳು. ಹೊಲದಿಂದ ಬಂದವರು ಕೈ ತೊಳೆದುಕೊಂಡು ಕೂತು ಪ್ಯಾರಿಸ್ಸು, ಜಪಾನು ಓದುತ್ತಿದ್ದರು. ಬೆನ್ನು ಬಿಟ್ಟ ಪುಸ್ತಕಕ್ಕೆ ಅಂಟು ಹಚ್ಚಿ ದಾರ ಹಾಕುವಾಗ ನಾನೂ ಓದುತ್ತಿದ್ದೆ. ಬರೆದವರೆಲ್ಲ ವಿಮಾನದಲ್ಲಿ ಹೋದವರು. ವಾಪಸ್ ಬಂದದ್ದಕ್ಕೆ ಅವರು ಕೊಡುತ್ತಿದ್ದದ್ದು ಕೊನೆಯ ಪುಟದ ಎರಡು ಸಾಲು.

ನಾನು ನೋಡಿರುವ ಪರದೇಶ ಒಂದೇ, ನೇಪಾಳ. ಅಲ್ಲಿಗೆ ಹೋದದ್ದು ಸುರಪುರದಿಂದ ನಮ್ಮ ಸಣ್ಣ ಕಾರಿನಲ್ಲಿ. ಹೋಗುವಾಗ ಕಿಟಕಿಯ ಹೊರಗೆ ಏನಿತ್ತೆಂದು ಕೇಳಿದರೆ ನನಗೆ ಗೊತ್ತಿಲ್ಲ. ನೋಡಿದ್ದೆಲ್ಲ ಬರುವಾಗ. ಹಾಗಾಗಿ ನನ್ನ ಕಥನದ ತುಂಬ ವಾಪಸ್ ದಾರಿಯೇ ಇದೆ.

ತಾನ್ಸೆನ್

ನನ್ನ ಗಂಡ ದೇವಿಂದ್ರಪ್ಪ ಮೂವತ್ತು ವರ್ಷ ಲಾರಿ ಓಡಿಸಿದವರು. ಸುರಪುರ, ಶಹಾಪುರದ ಮಾಲು ಹೇರಿಕೊಂಡು ನೇಪಾಳದ ಗಡಿಯ ತನಕ ಹೋಗುತ್ತಿದ್ದರು. ಪ್ರತಿ ಸಲ ಮನೆಗೆ ಬಂದಾಗ ಒಂದೊಂದು ಕಥೆ. ಒಂದು ಮನೆಯ ಮಾಳಿಗೆ ಮೇಲೆ ಲಾರಿ ನಿಂತಿದೆಯಂತೆ. ಒಂದು ಕಡೆ ರಸ್ತೆಗೆ ಅಡ್ಡ ಗೆರೆ ಇದೆಯಂತೆ, ಅದರ ಮೇಲೆ ನಿಂತರೆ ಮನುಷ್ಯನ ನೆರಳೇ ಕಾಣೆಯಂತೆ. ಸಿವನಿ ದಾಟಿದ ಮೇಲೆ ಕಾಡಿನಲ್ಲಿ ಒಂದು ಗಿಡ ಇದೆಯಂತೆ, ಅದಕ್ಕೆ ಡ್ರೈವರುಗಳು ತಮ್ಮ ಹೆಂಡಿರ ಸೀರೆ ಕಟ್ಟುತ್ತಾರಂತೆ, ಕಟ್ಟಿದವನ ಗಾಡಿಗೆ ಅಪಘಾತ ಆಗುವುದಿಲ್ಲವಂತೆ. ಲಾರಿಯಲ್ಲಿ ಅವರು ಮಲಗುವ ಬರ್ತಿನ ಮೇಲೆ ಹಾಸಲು ನಾನು ಕೊಟ್ಟಿದ್ದ ಇಳಕಲ್ ಸೀರೆಯೊಂದು ವಾಪಸ್ ಬರದೇ ಇದ್ದಾಗ ಹುಟ್ಟಿದ ಕಥೆ ಅದು. ರಂಗಂಪೇಟೆಯ ನಮ್ಮ ಓಣಿಯಲ್ಲಿ ಈ ಕಥೆಗಳನ್ನು ಕೇಳದವರಿಲ್ಲ, ನಂಬಿದವರೂ ಹೆಚ್ಚಿಲ್ಲ.

ನೇಪಾಳಕ್ಕೆ ಹೋಗಲು ಕಾರಣ ಬಹಾದ್ದೂರ್. ಸುರಪುರದ ಹತ್ತಿ ಮಿಲ್ಲಿನಲ್ಲಿ ಕಾವಲಿಗಿದ್ದ ಬಹಾದ್ದೂರನ ಸಂಸಾರ ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಹನ್ನೆರಡು ವರ್ಷ ಇತ್ತು. ಅವನ ಮಗಳು ಮೀನಾ ನಮ್ಮ ಪಡಸಾಲೆಯಲ್ಲಿ ಕೂತು ಕನ್ನಡ ಸಾಲಿಯ ಪಾಠ ಓದಿದವಳು. ಆಮೇಲೆ ಅವರು ತಮ್ಮೂರು ಪಾಲ್ಪಾ ಜಿಲ್ಲೆಯ ತಾನ್ಸೆನ್‌ಗೆ ಹೋದರು. ಈ ಫಾಲ್ಗುಣದಲ್ಲಿ ಮೀನಾಳ ಮದುವೆ. ನನ್ನ ಗಂಡ ಹಗಲೆಲ್ಲ ನಿಲ್ಲದೆ ಓಡಿಸಿದರು. ನಾನು ಎಲ್ಲಾದರೂ ನಿಲ್ಲಿಸಿರಿ ಅಂದಾಗೆಲ್ಲ ಒಂದೇ ಮಾತು: "ಮದಿವಿ ಮುಟ್ಟಬೇಕಲ್ಲ? ಬರೂವಾಗ ನೋಡಮು."

ಕಡಿದಾದ ಓಣಿಗಳ ಊರು ತಾನ್ಸೆನ್. ಮದುವೆ ಮನೆಯಲ್ಲಿ ಕೆಂಪು ಸೀರೆಯುಟ್ಟ ಮದುಮಗಳು ಎಲ್ಲರ ಮುಂದೆ "ದೊಡ್ಡವ್ವಾ, ಉಣ್ಣಾಕ ಬರ್ರಿ, ಆರಿ ಹೋಗಾಕತ್ತದ" ಎಂದು ಕೂಗಿದಾಗ ಬೀಗರ ಕಡೆಯವರು ತಿನ್ನುವುದನ್ನು ನಿಲ್ಲಿಸಿ ನೋಡಿದರು. ಸಂಜೆ ಬ್ಯಾಂಡಿನವರ ಹಿಂದೆ ಎಲ್ಲರೂ ಕುಣಿದರು. ಅರವತ್ತಾರು ವರ್ಷದ ನನ್ನ ಗಂಡನೂ ಕುಣಿದರು. ಕಲ್ಲಿನ ಮೆಟ್ಟಿಲ ಮೇಲೆ ಹಿಂದಕ್ಕೆ ಹೆಜ್ಜೆಯಿಟ್ಟು ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು.

ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಮಂಚದ ಮೇಲೆ ಕೂತವರು ಅಂದರು, "ಯಾದಗಿರಿ ಮಹಿಬೂಬಗ ಫೋನ್ ಹಚ್ಚು. ಯಾರರೆ ಡ್ರೈವರನ್ನ ರೈಲಿಗಿ ಕಳಸ್ತಾನ."

"ಡ್ರೈವರ್ ಇಲ್ಲೇ ಇದ್ದೀನಲ್ಲ."

"ನೀನಾ? ಶಾಂತಾ, ನೀ ಸುರಪುರದಿಂದ ಸಗರಕ್ಕ ಹೋದಾಕಿ. ಎರಡ ಸಾವಿರ ಕಿಲೋಮೀಟರ್ ಅದ."

"ಸಗರಕ್ಕ ಹೋಗೂ ರಸ್ತಾ ನೀವು ನೋಡೀರಿಲ್ಲ? ಅದರಾಗ ಓಡಸ್ದಾಕಿ ಎಲ್ಲಿ ಬೇಕಾದರೂ ಓಡಸ್ತಾಳ."

ನಾನು ಕಾರು ಕಲಿತದ್ದು ಐವತ್ನಾಲ್ಕನೇ ವಯಸ್ಸಿನಲ್ಲಿ. ಬಸ್ಸು ತಪ್ಪಿದಾಗ ಗ್ರಂಥಾಲಯದ ಬಾಗಿಲು ತೆಗೆಯುವುದು ತಡವಾಗುತ್ತಿತ್ತೆಂದು ಕಲಿತೆ. ನನ್ನ ಗಂಡ ಕಲಿಸಲಿಲ್ಲ, ಶಹಾಪುರದ ಡ್ರೈವಿಂಗ್ ಶಾಲೆಗೆ ಹೋಗಿ ಕಲಿತೆ. ಆ ರಾತ್ರಿ ಮಲಗುವ ಮುಂಚೆ ಅವರ ಜೊತೆ ಒಂದು ಮಾತು ಇತ್ಯರ್ಥ ಮಾಡಿಕೊಂಡೆ: ಸ್ಟೇರಿಂಗ್ ನನ್ನ ಕೈಯಲ್ಲಿರುವಾಗ ಎಲ್ಲಿ ನಿಲ್ಲಬೇಕೆಂದು ಹೇಳುವವಳು ನಾನು. ಅವರು ಹೇಳಿದ ಜಾಗಗಳನ್ನೆಲ್ಲ ಈ ಸಲ ಕಣ್ಣಾರೆ ನೋಡಿಯೇ ಮನೆಗೆ ಹೋಗುವುದು.

ಅವರು ಗೋಡೆ ಕಡೆ ತಿರುಗಿಕೊಂಡು, "ಏನ್ ನೋಡ್ತಿ ಅವನ್ನ, ಹಳೀವು" ಅಂದರು. ಆಗ ನಾನು ಅದಕ್ಕೆ ಗಮನ ಕೊಡಲಿಲ್ಲ.

ಬುಟ್ವಲ್‌ಗೆ ಇಳಿಯುವ ದಾರಿ

ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ನದಿಯ ತನಕ ಏನೂ ಇಲ್ಲ. ಸುರಪುರದ ಗುಡ್ಡವನ್ನೇ ಗುಡ್ಡ ಅಂದುಕೊಂಡಿದ್ದೆ. ಎರಡನೇ ಗೇರು ಬಿಟ್ಟು ಮೂರಕ್ಕೆ ಹೋಗಲಿಲ್ಲ. ನನ್ನ ಗಂಡ ಎಡಗಾಲಲ್ಲಿ ಇಲ್ಲದ ಕ್ಲಚ್ಚು, ಬಲಗಾಲಲ್ಲಿ ಇಲ್ಲದ ಬ್ರೇಕು ಒತ್ತುತ್ತ ಕೂತರು.

ಅರ್ಧ ದಾರಿಯಲ್ಲಿ ಬೆಟ್ಟ ಕುಸಿದು ಮಣ್ಣು ಬಿದ್ದಿತ್ತು. ಒಂದು ಗಾಡಿ ಹೋಗುವಷ್ಟೇ ಜಾಗ. ನನ್ನ ಸರದಿ ಬಂದಾಗ ರಸ್ತೆಯ ಬದಿಯಲ್ಲಿ ಕಿತ್ತಳೆ ಮಾರುತ್ತಿದ್ದ ಹೆಂಗಸರು ಕೈ ಬೀಸಿ "ಬಿಸ್ತಾರೈ, ಬಿಸ್ತಾರೈ!" ಎಂದು ಕೂಗಿದರು. ನನಗೆ ವಿಸ್ತಾರ ಎಂದು ಕೇಳಿಸಿತು. ಜಾಗ ಬಿಟ್ಟು ಅಗಲಕ್ಕೆ ಹೋಗು ಅನ್ನುತ್ತಿದ್ದಾರೆಂದು ತಿಳಿದು ನದಿಯ ಕಡೆಗೆ ಇನ್ನಷ್ಟು ತಿರುಗಿಸಿದೆ. ಅವರು ಇನ್ನೂ ಜೋರಾಗಿ ಕೂಗಿದರು. ನಾನು ಇನ್ನೂ ವಿಸ್ತಾರವಾದೆ.

"ಏ! ಸಾವಕಾಶ ಅನ್ನಾಕತ್ತಾರ ಅವರು, ಸಾವಕಾಶ!" ಎಂದು ನನ್ನ ಗಂಡ ಚೀರಿದರು. ಆಗಲೇ ಒಂದು ಚಕ್ರದ ಕೆಳಗಿನ ಕಲ್ಲು ಉರುಳಿ ಹೋಗಿತ್ತು.

ದಾಟಿದ ಮೇಲೆ ನಿಲ್ಲಿಸಿ ಇಳಿದೆ. ಆ ಹೆಂಗಸರಲ್ಲೊಬ್ಬಳು ಓಡಿ ಬಂದು ಕಾರಿನೊಳಗೆ ಬಗ್ಗಿ ನೋಡಿ, ಹಿಂದಿಯಲ್ಲಿ ಡ್ರೈವರ್ ಎಲ್ಲಿ ಎಂದು ಕೇಳಿದಳು. ನಾನು ಎದೆ ಮುಟ್ಟಿ ತೋರಿಸಿದೆ. ಅವಳು ಎರಡು ಕಿತ್ತಳೆ ಕೊಟ್ಟು ತಲೆ ಸವರಿ ಕಳಿಸಿದಳು. ಯಾರಾದರೂ ನನ್ನ ತಲೆ ಸವರಿ ಎಷ್ಟೋ ವರ್ಷವಾಗಿತ್ತು.

ಗೋರಖಪುರದ ಆಚೆ

ಗಡಿ ದಾಟಿದ ಮರುದಿನ, ಹೊಸ ಹೆದ್ದಾರಿ ಬಿಟ್ಟು ಹಳೆಯ ರಸ್ತೆ ಹಿಡಿದೆ. ಹೊಸ ಹೆದ್ದಾರಿಗಳ ತೊಂದರೆ ಎಂದರೆ ಅವು ಊರುಗಳನ್ನು ಮುಟ್ಟುವುದೇ ಇಲ್ಲ. ಒಂದು ಗಂಟೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಹೋದ ಮೇಲೆ ನಾನೇ ಮೊದಲು ಕಂಡೆ. ಎರಡಂತಸ್ತಿನ ಮನೆ, ಮಾಳಿಗೆಯ ಮೇಲೆ ಲಾರಿ.

ಸಿಮೆಂಟಿನ ಲಾರಿ! ಒಳಗೆ ನೀರಿನ ಟಾಕಿ. ಬಣ್ಣ ಮಾಸಿತ್ತು, ಒಂದು ಹೆಡ್‌ಲೈಟಿನಲ್ಲಿ ಪಾರಿವಾಳ ಗೂಡು ಕಟ್ಟಿತ್ತು.

"ಖರೇನ ಅದಲ್ರೀ!" ಅಂದೆ. ಇಪ್ಪತ್ತು ವರ್ಷ ಇದನ್ನು ಸುಳ್ಳೆಂದು ನಕ್ಕವಳು ನಾನು.

"ಮತ್ತ?" ಎಂದು ಅವರು ಮೀಸೆ ತಿರುವಲು ಹೋಗಿ ಪ್ಲಾಸ್ಟರಿನಿಂದ ಮೂಗು ಬಡಿದುಕೊಂಡರು.

ಮನೆಯ ಯಜಮಾನ ಎಂಬತ್ತರ ಮುದುಕ. ಲಾರಿ ಓಡಿಸಿ ಮನೆ ಕಟ್ಟಿದವನು, ಅನ್ನ ಕೊಟ್ಟದ್ದನ್ನು ಕೆಳಗೆ ಹೇಗೆ ನಿಲ್ಲಿಸಲಿ ಎಂದು ಮೇಲೆ ನಿಲ್ಲಿಸಿದನಂತೆ. ನಮ್ಮ ಕಾರಿನ ನಂಬರು ನೋಡಿ, ಕೆಎ ಮೂವತ್ಮೂರು ಅಂದರೆ ಯಾವ ದೇಶ ಎಂದು ಕೇಳಿದ. ನಮ್ಮನ್ನು ಬಿಡದೆ ಮೇಲೆ ಹತ್ತಿಸಿ, ಸಿಮೆಂಟಿನ ಕ್ಯಾಬಿನ್ನಿನಲ್ಲಿ ನನ್ನ ಗಂಡನನ್ನು ಕೂರಿಸಿದ. ಅಲ್ಲಿ ನಿಜವಾದ ಸ್ಟೇರಿಂಗ್ ಇತ್ತು. ಹಾರ್ನ್ ಎಲ್ಲಿ ಎಂದು ಇವರು ಕೇಳಿದರೆ ಮುದುಕ ಕೆನ್ನೆ ಉಬ್ಬಿಸಿ ಬಾಯಿಂದಲೇ ಪೋಂ ಎಂದು ಊದಿದ. ಕೆಳಗೆ ರಸ್ತೆಯಲ್ಲಿ ಹೋಗುತ್ತಿದ್ದ ಎಮ್ಮೆಯೊಂದು ನಿಂತು ಮೇಲೆ ನೋಡಿತು. ನನ್ನ ಗಂಡ ಇಳಿಯಲು ಒಲ್ಲೆ ಅಂದರು, ಕರೆದು ಕರೆದು ಸಾಕಾಯಿತು.

ನೆರಳಿನ ಗೆರೆ

ರೀವಾ, ಕಟನಿ ದಾಟಿದ ಮೇಲೆ ರಸ್ತೆಯ ಪಕ್ಕ ಒಂದು ಫಲಕ: ಕರ್ಕಾಟಕ ಸಂಕ್ರಾಂತಿ ವೃತ್ತ ಇಲ್ಲಿ ಹಾದುಹೋಗುತ್ತದೆ ಎಂದು ಹಿಂದಿಯಲ್ಲಿ ಬರೆದಿತ್ತು. ರಸ್ತೆಗೆ ಅಡ್ಡ ಬಳಿದಿದ್ದ ಬಿಳಿ ಗೆರೆ ಅರ್ಧ ಅಳಿಸಿತ್ತು. ನಾವು ಹೋದದ್ದು ಹೆಚ್ಚೂಕಡಿಮೆ ಮಧ್ಯಾಹ್ನ ಹನ್ನೆರಡಕ್ಕೆ. ನಾನು ಗೆರೆಯ ಮೇಲೆ ನಿಂತೆ. ನೆರಳು ನನ್ನ ಮುಂದೆಯೇ ಬಿದ್ದಿತ್ತು, ದಪ್ಪವಾಗಿ.

"ಇಲ್ಲೇ ಬಿದ್ದದಲ್ರೀ ನೆರಳು."

"ನಾ ನಿಂತಾಗ ಇರಲಿಲ್ಲ."

"ನಿಮ್ಮ ನೆರಳು ಬ್ಯಾರೆ, ನಂದು ಬ್ಯಾರೆ ಏನು?"

ಬೋರೆಹಣ್ಣು ಮಾರುತ್ತಿದ್ದ ಹೆಂಗಸು ನಮ್ಮ ಜಗಳ ನೋಡಿ ನಗುತ್ತಿದ್ದಳು. ಜೂನ್ ತಿಂಗಳಲ್ಲಿ ಬರಬೇಕು, ಈಗ ಬಂದರೆ ಎಲ್ಲರ ನೆರಳೂ ಇರುತ್ತದೆ ಎಂದಳು. ಪ್ರತಿ ವಾರ ಯಾರಾದರೂ ಇಳಿದು ಹೀಗೆ ಜಗಳ ಆಡುತ್ತಾರಂತೆ. ಆಗ ಜೂನ್ ತಿಂಗಳಿತ್ತೇನೋ, ಮುಂಗಾರಿಗೆ ಮುಂಚಿನ ಬಾಡಿಗೆ ಎಂದು ಇವರು ಲೆಕ್ಕ ಹಾಕಿ, ಗೆದ್ದವರಂತೆ ಕಾರು ಹತ್ತಿದರು. ಎರಡಕ್ಕೆ ಎರಡೂ ನಿಜವಾಗಿದ್ದವು. ಮೂವತ್ತು ವರ್ಷ ಜೊತೆಗಿದ್ದವರ ಮಾತನ್ನು ನಾನು ಅಷ್ಟು ಅಗ್ಗ ಮಾಡಿದೆನಲ್ಲ ಎಂದು ನನಗೆ ನಾಚಿಕೆಯಾಯಿತು. ನಾಳೆ ಸೀರೆಯ ಗಿಡ ನೋಡಿದ ಮೇಲೆ ತಪ್ಪಾಯಿತು ಅನ್ನಬೇಕೆಂದುಕೊಂಡೆ.

ಸಿವನಿ ದಾಟಿ

ಸಿವನಿಯಿಂದ ನಾಗಪುರಕ್ಕೆ ಹೋಗುವ ಹೊಸ ರಸ್ತೆ ಕಾಡಿನ ಮೇಲೆ ಸೇತುವೆಯಾಗಿ ಹೋಗುತ್ತದೆ, ಕೆಳಗೆ ಪ್ರಾಣಿಗಳು ದಾಟಲೆಂದು. ಹಳೇ ರಸ್ತೆ ಎಲ್ಲಿ ಕವಲೊಡೆಯುತ್ತದೆ ಎಂದು ಇವರನ್ನು ಕೇಳಿದರೆ, "ಅದನ್ನ ಮುಚ್ಯಾರ. ಗಿಡಾನೂ ಕಡದಿರಬೇಕು. ಸೀದಾ ನಡಿ" ಅಂದರು.

ನಾನು ನಿಲ್ಲಿಸಿ ಟೀ ಅಂಗಡಿಯಲ್ಲಿ ಕೇಳಿದೆ. ಮುಚ್ಚಿರಲಿಲ್ಲ. ಆ ದಾರಿಯಲ್ಲಿ ತೇಗದ ಎಲೆ ಬಿದ್ದು ಕಾರು ಸದ್ದು ಮಾಡುತ್ತ ಹೋಯಿತು. ಒಂದು ಸಲ ಹೋಗಿ ಸಿಗದೆ ತಿರುಗಿದೆ. ಎರಡನೇ ಸಲವೂ ಸಿಗಲಿಲ್ಲ. ಇವರು ನಿಟ್ಟುಸಿರು ಬಿಟ್ಟು, "ಸಾಕಲ್ಲ?" ಅಂದರು. ಮೂರನೇ ಸಲ ತಿರುವಿನಲ್ಲಿ ನಿಧಾನ ಮಾಡಿದಾಗ ಕಾಡಿನ ಅಂಚಿಗೆ ಒಂದು ದೊಡ್ಡ ಹಿಪ್ಪೆಯ ಗಿಡ ಕಂಡಿತು. ಕೆಳಗಿನ ಕೊಂಬೆಗಳ ತುಂಬ ಬಟ್ಟೆ: ಕೆಂಪು, ಹಸಿರು, ಮಾಸಿ ಬೂದಿಬಣ್ಣವಾದವು. ಸೀರೆಯ ಅಂಚು, ಓಢಣಿ, ಟವೆಲ್ಲಿನ ಚೂರು.

ಕಾರು ನಿಲ್ಲಿಸಿ ಓಡಿದೆ. "ನೋಡ್ರಿ! ಅದನಲ್ರೀ! ಇದರಾಗ ನಂದು ಯಾವುದು?"

ತಿರುಗಿದರೆ ಅವರು ಕಾರಿನ ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟವರು ಹಾಗೆಯೇ ಕೂತಿದ್ದರು. ಮುಖ ಬಿಳುಚಿತ್ತು. ಎದೆನೋವು ಬಂತೆಂದು ನಾನು ಹೆದರಿದೆ.

"ಇಂಥಾ ಗಿಡ ಇರಲಿಲ್ಲ ಶಾಂತಾ," ಅಂದರು. "ನಾ ಸುಳ್ಳು ಹೇಳಿದ್ದೆ. ಇದು ಹ್ಯಾಂಗ ಬಂತೋ ನಂಗ ಗೊತ್ತಿಲ್ಲ."

ಇಂಥ ಗಿಡಗಳು ಬಹಳ ಘಾಟಿಗಳಲ್ಲಿ ಇರುತ್ತವೆ. ಇವರ ಕಥೆ ಕೇಳಿದ ಡ್ರೈವರುಗಳೇ ಕಟ್ಟಿದರೋ, ಊರಿನವರ ಪದ್ಧತಿಯೋ, ಯಾರಿಗೆ ಗೊತ್ತು. ಇವರು ಮಾತ್ರ ಅದರ ಕೆಳಗೆ ಕೂತು ಇಪ್ಪತ್ತು ವರ್ಷ ಹೇಳದ್ದನ್ನು ಹೇಳಿದರು.

ಮೀನಾ ಎರಡನೇ ಇಯತ್ತೆಯಲ್ಲಿದ್ದ ವರ್ಷ. ಚಳಿಗಾಲ, ಬೆಳಗಿನ ದಟ್ಟ ಮಂಜು. ಕ್ಲೀನರ್ ಜ್ವರ ಬಂದು ಊರಲ್ಲೇ ಉಳಿದಿದ್ದ, ಇವರೊಬ್ಬರೇ. ಇಲ್ಲಿಂದ ಸ್ವಲ್ಪ ದೂರದಲ್ಲಿ ಸೈಕಲ್ ಮೇಲೆ ಬಿದಿರಿನ ಹೊರೆ ಕಟ್ಟಿಕೊಂಡು ಬರುತ್ತಿದ್ದವನಿಗೆ ಲಾರಿ ಬಡಿಯಿತು. ಇಳಿದು ನೋಡಿದರೆ ತೊಡೆಯಿಂದ ರಕ್ತ ಹರಿಯುತ್ತಿತ್ತು. ಬರ್ತಿನಲ್ಲಿದ್ದ ನನ್ನ ಸೀರೆ ಎಳೆದು ಬಿಗಿಯಾಗಿ ಕಟ್ಟಿದರು. ಎತ್ತಿ ಕ್ಯಾಬಿನ್ನಿನಲ್ಲಿ ಮಲಗಿಸಿಕೊಂಡು ಮುಂದಿನ ಊರಿನ ಸರ್ಕಾರಿ ದವಾಖಾನೆಯ ಕಟ್ಟೆಯ ಮೇಲೆ ಇಳಿಸಿದರು. ಬಾಗಿಲು ಬಡಿದರು. ಒಳಗೆ ಯಾರೋ ಎದ್ದ ಸಪ್ಪಳ ಕೇಳಿದ್ದೇ ಓಡಿ ಬಂದು ಲಾರಿ ಹತ್ತಿದರು.

"ಬದುಕಿದನೋ ಸತ್ತನೋ ಇವತ್ತಿಗೂ ಗೊತ್ತಿಲ್ಲ. ನೀ ಸೀರಿ ಕೇಳ್ದಿ. ಏನರೆ ಹೇಳಬೇಕಲ್ಲ. ಗಿಡ ಅಂದೆ."

ಅದರ ಮರುವರ್ಷ ಅವರು ಉತ್ತರದ ದಾರಿ ಬಿಟ್ಟು ಮುಂಬೈ ದಾರಿ ಹಿಡಿದಿದ್ದರು. ನೇಪಾಳದ ದಾರಿ ದೂರವಾಯಿತು, ಬೇಸರ ಬಂತು ಅಂದಿದ್ದನ್ನು ನಾನು ನಂಬಿದ್ದೆ.

ನನಗೆ ಸಿಟ್ಟು ಬಂತು. ಅಳುವೂ ಬಂತು. ಆದರೆ ಅವೆರಡನ್ನೂ ಮಾಡುತ್ತ ಅಲ್ಲಿ ಕೂರುವುದರಲ್ಲಿ ಅರ್ಥವಿರಲಿಲ್ಲ. "ಏಳ್ರಿ," ಅಂದೆ. "ಆ ದವಾಖಾನಿಗಿ ಹೋಗೂಣು."

"ಹುಚ್ಚು ಹಿಡದದೇನು? ಇಪ್ಪತ್ತ ವರ್ಷ ಆಗ್ಯದ. ಪೊಲೀಸರು..."

"ಪೊಲೀಸರು ಬಂದರ ಬರ್ಲಿ. ಸ್ಟೇರಿಂಗ್ ನನ್ನ ಕೈಯಾಗದ."

ದವಾಖಾನೆ ಅಲ್ಲೇ ಇತ್ತು, ಹೊಸ ಬಣ್ಣ ಬಳಿದುಕೊಂಡು. ಅಲ್ಲಿದ್ದ ನರ್ಸಮ್ಮ ಚಿಕ್ಕ ವಯಸ್ಸಿನವಳು, ಅವಳಿಗೆ ಏನೂ ಗೊತ್ತಿರಲಿಲ್ಲ. ಕಸ ಗುಡಿಸುತ್ತಿದ್ದ ಮುದುಕಿ ಮಾತ್ರ ಪೊರಕೆ ನಿಲ್ಲಿಸಿ, "ಬಿದಿರಿನ ಫೂಲ್‌ಸಿಂಗ್ ತಾನೆ? ಕುಂಟ ಫೂಲ್‌ಸಿಂಗ್?" ಅಂದಳು.

ಕುಂಟ ಎಂಬ ಮಾತು ಕೇಳಿ ನನ್ನ ಗಂಡ ಗೋಡೆಗೆ ಆತುಕೊಂಡರು. ಸತ್ತವನನ್ನು ಯಾರೂ ಕುಂಟ ಅನ್ನುವುದಿಲ್ಲ.

ಮುದುಕಿ ಹೇಳಿದ ಮನೆ ಊರಿನ ಕೊನೆಗಿತ್ತು. ಅಂಗಳದ ತುಂಬ ಹಿಪ್ಪೆಯ ಹೂವು ಒಣಹಾಕಿದ್ದರು, ಸಿಹಿ ಘಮ. ನಮ್ಮ ವಯಸ್ಸಿನದೇ ಒಬ್ಬ ಹೆಂಗಸು ಹೂವನ್ನು ಕೈಯಿಂದ ಹರಡುತ್ತಿದ್ದಳು. ಅವಳು ಫೂಲ್‌ಸಿಂಗನ ಹೆಂಡತಿ, ಸುಖವತಿ ಬಾಯಿ. ಅವನು ತೀರಿಹೋಗಿ ಆರು ವರ್ಷವಾಗಿತ್ತು. ಜ್ವರ ಬಂದು ಹೋದನಂತೆ.

ನನ್ನ ಗಂಡ ಅಂಗಳದ ಅಂಚಿನಲ್ಲಿ ಚಪ್ಪಲಿ ಬಿಟ್ಟು ನಿಂತು, ತಮ್ಮ ಲಾರಿ ಹಿಂದಿಯಲ್ಲಿ ಹೇಳಿದರು: "ಅವತ್ತು ಲಾರಿ ಓಡಿಸುತ್ತಿದ್ದವನು ನಾನು."

ಅವಳು ಹೂವು ಹರಡುವುದನ್ನು ನಿಲ್ಲಿಸಲಿಲ್ಲ. ಒಂದು ಸಾಲು ಪೂರ್ತಿ ಹರಡಿ ಮುಗಿಸಿದ ಮೇಲೆ ತಲೆಯೆತ್ತಿ ಇವರ ಪ್ಲಾಸ್ಟರ್ ಕೈ ನೋಡಿದಳು, ನನ್ನನ್ನು ನೋಡಿದಳು.

"ಲಾರಿಯಲ್ಲಿ ಏನಿತ್ತು?" ಎಂದು ಕೇಳಿದಳು.

"ಮೆಣಸಿನಕಾಯಿ."

ಅವಳು ಹಣೆ ಚಚ್ಚಿಕೊಂಡಳು. "ಕೊನೇ ತನಕ ಅದನ್ನೇ ಕೇಳುತ್ತಿದ್ದ. ಪ್ರಜ್ಞೆ ತಪ್ಪುತ್ತಿತ್ತು, ಆದರೂ ಸೀನು ನಿಲ್ಲಲಿಲ್ಲ, ಆ ಲಾರಿಯಲ್ಲಿ ಏನಿತ್ತು, ಏನಿತ್ತು ಅನ್ನುತ್ತಿದ್ದ." ನಗುತ್ತಿದ್ದಾಳೆಂದು ನಾನು ತಿಳಿದೆ. ಆದರೆ ಕಣ್ಣಲ್ಲಿ ನೀರಿತ್ತು.

ಆಮೇಲೆ ಅವಳು ಎಲ್ಲವನ್ನೂ ಹೇಳಿದಳು, ಮೆತ್ತಗೆ ಮಾಡದೆ. ಮೂರು ತಿಂಗಳು ದೊಡ್ಡ ಆಸ್ಪತ್ರೆ. ಕಟ್ಟಿದ ಸೀರೆಯಿಂದಲೇ ಜೀವ ಉಳಿಯಿತೆಂದು ಡಾಕ್ಟರ್ ಹೇಳಿದರಂತೆ. ಒಂದು ಕಾಲು ಗಿಡ್ಡಾಯಿತು. ಬಿದಿರು ಕಡಿಯಲು ಕಾಡಿಗೆ ಹೋಗಲಾಗದೆ ಮನೆಯಲ್ಲಿ ಕೂತು ಬುಟ್ಟಿ ಹೆಣೆದ. ಬೇಸಾಯವನ್ನು ಅವಳೊಬ್ಬಳೇ ಮಾಡಿದಳು. ಆ ಸೀರೆಯ ರಕ್ತದ ಕಲೆ ಹೋಗಲಿಲ್ಲ, ತೊಟ್ಟಿಲು ಕಟ್ಟಿದಳು.

"ಎಂಥ ಗಟ್ಟಿ ಸೀರೆ! ಇಬ್ಬರು ಮೊಮ್ಮಕ್ಕಳನ್ನು ಅದರಲ್ಲೇ ತೂಗಿದೆ. ನಿನ್ನದೇ?" ಎಂದು ನನ್ನನ್ನು ಕೇಳಿದಳು. ಹೌದೆಂದು ತಲೆಯಾಡಿಸಿದೆ.

ನಂತರ ಇವರ ಕಡೆ ತಿರುಗಿದಳು. "ಕಟ್ಟಿದ್ದು ಒಳ್ಳೇದಾಯಿತು. ಬಾಗಿಲು ಬಡಿದದ್ದೂ ಒಳ್ಳೇದೇ. ಆದರೆ ಬಾಗಿಲು ಬಡಿದವನು ತೆಗೆಯುವ ತನಕ ನಿಲ್ಲಬೇಕಿತ್ತು."

"ನಿಲ್ಲಬೇಕಿತ್ತು," ಅಂದರು ಇವರು. ನಾನು ಕೈಚೀಲಕ್ಕೆ ಕೈ ಹಾಕಿದ್ದನ್ನು ಕಂಡು ಅವಳು ಬೇಡವೆಂದು ಒಂದೇ ಸಲ ಕೈಯಾಡಿಸಿದಳು. ಮಕ್ಕಳಿಬ್ಬರೂ ನಾಗಪುರದಲ್ಲಿ ದುಡಿಯುತ್ತಿದ್ದಾರೆ, ಹೊಲ ಇದೆ, ಏನೂ ಬೇಕಾಗಿಲ್ಲ ಎಂದಳು.

"ನಿನಗೆ ಹೇಳಿದ್ದಾನಲ್ಲ," ಎಂದು ನನಗೆ ಹೇಳಿದಳು, "ಊರಲ್ಲಿಯೂ ಹೇಳಲಿ. ನನ್ನ ಗಂಡ ಇಡೀ ಊರಿಗೆ ಇವನ ಸುದ್ದಿ ಹೇಳಿಕೊಂಡು ಬದುಕಿದ. ಇವನ ಊರಲ್ಲಿ ನನ್ನ ಗಂಡನ ಹೆಸರು ಯಾರಿಗೂ ಗೊತ್ತಿಲ್ಲ ಅಂದರೆ ಹೇಗೆ?"

ಕರಿ ಚಹಾ ಕೊಟ್ಟಳು, ನಾವು ಕುಡಿದೆವು. ಹೊರಡುವಾಗ ನಮ್ಮ ಫೋನ್ ನಂಬರನ್ನು ಗೋಡೆಯ ಮೇಲೆ ಇದ್ದಿಲಿನಲ್ಲಿ ನನ್ನಿಂದಲೇ ಬರೆಸಿಕೊಂಡಳು.

ಯಾದಗಿರಿ

ನಾಗಪುರ, ಆದಿಲಾಬಾದು, ಹೈದರಾಬಾದಿನ ವರ್ತುಲ ರಸ್ತೆ. ಎರಡು ದಿನ ಇವರು ಬ್ರೇಕನ್ನೂ ಒತ್ತಲಿಲ್ಲ, ಕ್ಲಚ್ಚನ್ನೂ ಒತ್ತಲಿಲ್ಲ. ಕೊಡಂಗಲ್ ದಾಟಿ ಗುರುಮಠಕಲ್‌ನಲ್ಲಿ ಎಳನೀರಿನವಳು ಒಂದೇ ವಾಕ್ಯದಲ್ಲಿ ತೆಲುಗು ಕನ್ನಡ ಎರಡನ್ನೂ ಹಾಕಿ, "ಅಕ್ಕಾ, ಗಂಜಿ ಬೇಕಾ, ನೀಳ್ಳು ಬೇಕಾ?" ಎಂದು ಕೇಳಿದಾಗ ಮನೆ ಹತ್ತಿರ ಬಂದಿತೆನಿಸಿತು.

ಯಾದಗಿರಿಯಲ್ಲಿ ಮಹಿಬೂಬ್ ಸಾಬರ ಟಾಯರ್ ಅಂಗಡಿ. ಅವರೂ ಲಾರಿ ಓಡಿಸಿದವರು, ನನ್ನ ಗಂಡನ ಹಳೆಯ ದೋಸ್ತ. ಕಡೇಚೂರಿನ ಕಾರ್ಖಾನೆ ಕಡೆ ಹೋಗುವ ಟೆಂಪೋವೊಂದು ಪಂಕ್ಚರಾಗಿ ನಿಂತಿತ್ತು. ಅದರಲ್ಲಿದ್ದ ಹೊರರಾಜ್ಯದ ಕೂಲಿಯವರು ರಸ್ತೆಯ ಅಂಚಿನಲ್ಲಿ ಕೂತಿದ್ದರು. ನಾನು ಡ್ರೈವರ್ ಸೀಟಿನಿಂದ ಇಳಿದದ್ದನ್ನು ನೋಡಿ ಮಹಿಬೂಬ್ ಸಾಬರು ಕೈಯಲ್ಲಿದ್ದ ಟಾಯರ್ ಬಿಚ್ಚುವ ಲಿವರ್ ಕೆಳಗಿಟ್ಟರು.

"ಯಾ ಅಲ್ಲಾ! ಬಾಬಿ, ನೇಪಾಳದಿಂದ ನೀವೇ ಹೊಡಕೊಂಡು ಬಂದ್ರೇನ್ರಿ? ಈ ನಮ್ಮ ಉಸ್ತಾದ್ ಏನ್ ಮಾಡಾಕತ್ತಿದ್ದ?"

ಉಸ್ತಾದ್ ನಗಲಿಲ್ಲ. ಟಾಯರ್ ಮೇಲೆ ಕೂತು, "ಮಹಿಬೂಬ, ನಿನಗೊಂದು ಮಾತು ಹೇಳೂದದ" ಎಂದು ಶುರು ಮಾಡಿದರು. ಫೂಲ್‌ಸಿಂಗ್ ಎಂಬ ಹೆಸರಿನಿಂದಲೇ ಶುರು ಮಾಡಿದರು. ಕಥೆ ಹೇಳುವಾಗ ಕೈ ಆಡಿಸುವ ಮನುಷ್ಯ, ಅವತ್ತು ಎರಡೂ ಕೈ ತೊಡೆಯ ಮೇಲಿದ್ದವು.

ಮಹಿಬೂಬ್ ಸಾಬರು ಪೂರ್ತಿ ಕೇಳಿದರು. ಆಮೇಲೆ, "ಆ ಗಿಡಾನ ನಾ ಎರಡು ಖೇಪ ಹುಡಕೀನಲ್ಲೋ ಮಾರಾಯಾ," ಅಂದರು. "ಸಿಗಲಿಲ್ಲಂತ ಬೀಬಿಯ ಓಢಣಿ ಯಾವುದೋ ಒಂದು ಗಿಡಕ್ಕ ಕಟ್ಟಿ ಬಂದಿದ್ದೆ." ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಬೈಯುತ್ತಾರೆಂದು ನಾನು ಕಾಯುತ್ತಿದ್ದೆ. ಬೈದರು ಕೂಡ, ಗಟ್ಟಿಯಾಗಿಯೇ, ಇಪ್ಪತ್ತು ವರ್ಷ ದೋಸ್ತನಿಗೂ ಹೇಳದ್ದಕ್ಕೆ. ಬೈದ ಮೇಲೆ ನಮ್ಮ ಕಾರಿನ ನಾಲ್ಕೂ ಟಾಯರಿನ ಗಾಳಿ ತಾವೇ ನೋಡಿದರು.

ಶಹಾಪುರ

ಭೀಮಾ ನದಿ ದಾಟಿ ಶಹಾಪುರ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಊರಿನ ಹೊರಗೆ ರಸ್ತೆಯ ಬದಿಗೆ ಕಾರು ನಿಲ್ಲಿಸಿಕೊಂಡು ಗಂಡ ಹೆಂಡತಿ ಇಬ್ಬರು ಗುಡ್ಡದ ಕಡೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಬೆಂಗಳೂರಿನ ಕಡೆಯವರು. ಬುದ್ಧ ಮಲಗಿದ ಬೆಟ್ಟ ಇದೇನಾ, ಬುದ್ಧ ಎಲ್ಲಿ ಎಂದು ಕೇಳಿದರು. ನಾನು ಸಾವಿರ ಸಲ ಈ ದಾರಿಯಲ್ಲಿ ಹೋಗಿದ್ದೇನೆ, ಒಂದು ಸಲವೂ ಇಳಿದು ನಿಂತವಳಲ್ಲ. ಪರರಾಜ್ಯದ ಸಿಮೆಂಟಿನ ಲಾರಿಗೆ ಒಂದು ತಾಸು ಕೊಟ್ಟವಳು.

ನಿಲ್ಲಿಸಿದೆ. ನನ್ನ ಗಂಡ ಇಳಿದು ಎಡಗೈ ಎತ್ತಿ ಅವರಿಗೆ ತೋರಿಸಿದರು. "ಅಲ್ಲಿ ನೋಡ್ರಿ, ಅದು ಹಣಿ. ಅದು ಮೂಗು. ಎದಿ. ಕೆಳಗ ಕಾಲು. ಆಕಾಶ ನೋಡಕೋತ ಮಲಗ್ಯಾನ."

"ಹೌದಲ್ಲ! ಇದನ್ನು ಯಾರು ಕೆತ್ತಿದ್ದು?" ಎಂದು ಆ ಹೆಣ್ಣುಮಗಳು ಕೇಳಿದಳು.

ಹಿಂದಿನ ದೇವಿಂದ್ರಪ್ಪನಾಗಿದ್ದರೆ ಒಬ್ಬ ರಾಜ, ಒಂದು ಶಾಪ, ಏಳು ಜನ ಶಿಲ್ಪಿಗಳು ತಯಾರಾಗುತ್ತಿದ್ದರು. ನಾನು ಅವರ ಬಾಯಿಯನ್ನೇ ನೋಡುತ್ತಿದ್ದೆ. ಅವರು ಗುಡ್ಡ ನೋಡಿದರು, ಗದ್ದ ಕೆರೆದರು.

"ಯಾರೂ ಕೆತ್ತಿಲ್ರಿ. ಕಲ್ಲು ಹಂಗ ಬಿದ್ದಾವ," ಅಂದರು.

ಸುರಪುರ

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಬೋನಾಳದ ಕೆರೆಯ ಕಡೆಗೆ ಹಕ್ಕಿಗಳ ಸಾಲೊಂದು ಹಾರಿ ಹೋಯಿತು. ಕಾರಿನ ಸದ್ದು ಕೇಳಿ ಓಣಿಯವರು ಹೊರಗೆ ಬಂದರು. ಮೀನಾ ಹೇಗಿದ್ದಾಳೆ, ವರ ಏನು ಮಾಡುತ್ತಾನೆ, ಕೈ ಏನಾಯಿತು, ನೀನೇ ಓಡಿಸಿದೆಯಾ ಎಂದು ಎಲ್ಲರೂ ಒಟ್ಟಿಗೆ ಕೇಳಿದರು. ಯಾರೋ ಚಹಾ ತಂದರು. ಎದುರು ಮನೆಯ ನೀಲಮ್ಮ ಕಟ್ಟೆಯ ಮೇಲೆ ಆರಾಮಾಗಿ ಕೂತು, "ಹೇಳಪ್ಪಾ ದೇವಿಂದ್ರಾ, ಈ ಸಲ ಏನೇನ್ ಹೊಸಾ ಚಮತ್ಕಾರ ನೋಡಿ ಬಂದಿ?" ಅಂದಳು. ಜನ ನಗಲು ತಯಾರಾದರು.

ನಾನು ಸಾಮಾನು ಇಳಿಸುವುದನ್ನು ಬಿಟ್ಟು ಅವರ ಪಕ್ಕಕ್ಕೆ ಹೋಗಿ ಕೂತೆ. ಅವರು ಹೇಳಲು ಶುರು ಮಾಡಿದರು. ಬಿದಿರಿನ ಹೊರೆಯ ತನಕ ಬಂದಿದ್ದರು, ನಗು ಆಗಲೇ ನಿಂತಿತ್ತು, ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಎತ್ತಿದರೆ ದೂರದ ಹೆಣ್ಣುದನಿ, ಹಿಂದೆ ಕೋಳಿಗಳ ಸದ್ದು.

"ನಾನು ಸುಖವತಿ," ಎಂದಳು. "ಮುಟ್ಟಿದಿರಾ ಇಲ್ಲವಾ?"

ನಾನು ಫೋನನ್ನು ನನ್ನ ಗಂಡನಿಗೆ ಕೊಟ್ಟೆ. ಅವರು ಎಡಗೈಯಲ್ಲಿ ಹಿಡಿದು ಕಿವಿಗೊತ್ತಿಕೊಂಡರು. ಇಡೀ ಓಣಿ ನೋಡುತ್ತಿತ್ತು. ಅತ್ತ ಕಡೆ ಅವಳು ಕಾಯುತ್ತಿದ್ದಳು, ಫೋನ್ ಇಡಲಿಲ್ಲ.

"ಮುಟ್ಟಿದೆವು ತಾಯಿ," ಅಂದರು ಕೊನೆಗೆ. "ಇಬ್ಬರೂ ಮುಟ್ಟಿದೆವು."